ಕಾರವಾರದ ಬೈತಖೋಲ ಬಂದರಿನಲ್ಲಿ ನಿಲ್ಲಿಸುವ ಫೈಬರ್ ದೋಣಿಯ ತಳಕ್ಕೆ ತಾಮ್ರದ ಎಪಾಕ್ಸಿಯನ್ನು (ಚಿಪ್ಪು ಅಂಟದಂತೆ ಹಚ್ಚುವ, ತಾಮ್ರದ ಪುಡಿ ಬೆರೆಸಿದ ಗಟ್ಟಿ ಲೇಪ) ಯಾವಾಗ, ಹೇಗೆ ಹಚ್ಚಬೇಕು?
ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ದೋಣಿ ಹೇಗೂ ದಡದಲ್ಲೇ ಇರುತ್ತದೆ, ಆಗ ಹಚ್ಚೋಣ ಅನಿಸುತ್ತದೆ ಅಲ್ವಾ? ಬೇಡ. ಕಾರವಾರದ ಮಳೆ ಗೊತ್ತಲ್ಲ, ಹಸಿ ಎಪಾಕ್ಸಿಗೆ ನಾಲ್ಕು ಹನಿ ಬಿದ್ದರೂ ಕೆಲಸ ಕೆಟ್ಟಿತು. ಮೇ ಬಿಸಿಲಲ್ಲೇ ಮುಗಿಸಿ.

ಹಳೇ ಬಣ್ಣ ಪೂರ್ತಿ ಕೆರೆದು, ಸಿಹಿನೀರಲ್ಲಿ ತೊಳೆದು ಒಣಗಿಸಿ. ತಾಮ್ರದ ಪುಡಿ ಡಬ್ಬಿಯ ತಳಕ್ಕೆ ಕೂರುತ್ತದೆ, ರೋಲರ್ ಅದ್ದುವಾಗೆಲ್ಲ ಕಲಕಿ. ಒಂದೇ ದಿನದಲ್ಲಿ ನಾಲ್ಕೈದು ತೆಳು ಕೋಟ್ ಸಾಕು.

ಜಾಸ್ತಿ ಜನ ಮರೆಯುವುದು ಕೊನೆಯ ಕೆಲಸ. ಗಟ್ಟಿಯಾದ ಮೇಲೆ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಬೇಕು. ಮಂಕು ಕಂದು ಹೋಗಿ ಬೆಳಗಿದ ಚೊಂಬಿನ ಹೊಳಪು ಬರಬೇಕು. ತಾಮ್ರ ನೀರಿಗೆ ತಾಗದಿದ್ದರೆ ಚಿಪ್ಪು ಆರಾಮಾಗಿ ಅಂಟಿಕೊಳ್ಳುತ್ತದೆ, ನಿಮ್ಮ ದುಡ್ಡು ಸುಮ್ನೆ ದಂಡ.

ಅಲ್ಯೂಮಿನಿಯಂ ದೋಣಿಗಂತೂ ಹಚ್ಚಲೇಬೇಡಿ. ಉಪ್ಪುನೀರಲ್ಲಿ ತಾಮ್ರ ತಾಗಿದರೆ ಅಲ್ಯೂಮಿನಿಯಂ ಸವೆದು ತೂತಾಗುತ್ತದೆ.