ಹಲ್ಲಿನ ಇಂಪ್ಲಾಂಟ್ ಇದ್ದರೆ ಸ್ಕೂಬಾ ಡೈವಿಂಗ್ ಮಾಡಬಹುದಾ?

ಪ್ರಶ್ನೆ: ನನಗೆ 56 ವರ್ಷ, ಊರು ಶಿರಸಿ. ಕೆಳದವಡೆಗೆ ಎರಡು ಇಂಪ್ಲಾಂಟ್ ಹಾಕಿಸಿ ವರ್ಷದ ಮೇಲಾಯಿತು. ಮೇಲ್ದವಡೆಯ ಹಿಂಭಾಗದಲ್ಲಿ ಇನ್ನೊಂದು ಹಾಕಿ ಎರಡು ತಿಂಗಳಾಗಿದೆ. ಅಲ್ಲಿ ಮೂಳೆ ಸಾಲದು ಅಂತ ಸೈನಸ್ ಕೆಳಗೆ ಮೂಳೆಪುಡಿ ತುಂಬಿದ್ದಾರೆ. ಮುಂದಿನ ಮೂರು ಹಲ್ಲಿಗೆ ತೆಗೆದು ಹಾಕುವ ಸೆಟ್ ಇದೆ. ಡಿಸೆಂಬರಿನಲ್ಲಿ ಮಗಳು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾಳೆ. ಒತ್ತಡಕ್ಕೆ ಇಂಪ್ಲಾಂಟ್ ಕಿತ್ತು ಬರುತ್ತದಾ?

ಉತ್ತರ: ಕೆಳದವಡೆಯ ಎರಡು ಇಂಪ್ಲಾಂಟ್ ಬಗ್ಗೆ ಹೆದರಬೇಡಿ. ಹತ್ತು ಮೀಟರ್ ಆಳದಲ್ಲಿ ಹೆಚ್ಚಾಗುವ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಅಷ್ಟೇ. ಅದೂ ಎಲ್ಲ ಕಡೆಯಿಂದ ಸಮನಾಗಿ ಬೀಳುತ್ತದೆ. ಗಟ್ಟಿ ಚಕ್ಕುಲಿ ಕಡಿಯುವಾಗ ದವಡೆ ಹಲ್ಲಿನ ಮೇಲೆ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಭಾರ ಬೀಳುತ್ತದೆ. ಮೂಳೆಗೆ ಬೆಸೆದುಕೊಂಡ ಟೈಟಾನಿಯಂ ಸ್ಕ್ರೂ ಇದಕ್ಕೆಲ್ಲ ಜಗ್ಗುವುದಿಲ್ಲ.

ನೀರಿನಡಿ ತೊಂದರೆ ಕೊಡುವುದು ಸಿಕ್ಕಿಹಾಕಿಕೊಂಡ ಗಾಳಿ. ಹತ್ತು ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು, ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮೇಲೆ ಬರುವಾಗ ಮತ್ತೆ ಹಿಗ್ಗುತ್ತದೆ. ಹುಳುಕಿನ ಕೆಳಗೆ, ಬಿರುಕು ಬಿಟ್ಟ ಫಿಲ್ಲಿಂಗ್ ಕೆಳಗೆ, ಅರ್ಧಕ್ಕೆ ನಿಂತ ರೂಟ್ ಕೆನಾಲ್ ಒಳಗೆ ಗಾಳಿ ಇದ್ದರೆ ಅಲ್ಲೇ ನೋವು ಶುರು. ಹಲ್ಲು ಒಡೆದದ್ದೂ ಉಂಟು.

ಇಂಪ್ಲಾಂಟ್ ಮೇಲಿನ ಕ್ಯಾಪನ್ನು ಯಾವ ಸಿಮೆಂಟಿನಿಂದ ಕೂರಿಸಿದ್ದಾರೆ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಜಿಂಕ್ ಫಾಸ್ಫೇಟ್ ಮತ್ತು ಗ್ಲಾಸ್ ಅಯಾನಮರ್ ಸಿಮೆಂಟಿನ ಸಣ್ಣ ರಂಧ್ರಗಳಲ್ಲಿ ಗಾಳಿ ಇರಬಹುದು. ಒತ್ತಡ ಪದೇ ಪದೇ ಏರಿಳಿದರೆ ಅವುಗಳ ಹಿಡಿತ ಸಡಿಲವಾಗುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ರೆಸಿನ್ ಸಿಮೆಂಟ್ ತಡೆದುಕೊಳ್ಳುತ್ತದೆ. ಒಂದೇ ಸಲ ಇಳಿಯುವವರಿಗೆ ಇದು ದೊಡ್ಡ ಮಾತಲ್ಲ. ಆದರೆ ಕ್ಯಾಪ್ ಈಗಲೇ ಅಲುಗಾಡುತ್ತಿದ್ದರೆ ಅಥವಾ ತಾತ್ಕಾಲಿಕ ಕ್ಯಾಪ್ ಆಗಿದ್ದರೆ ಇಳಿಯಬೇಡಿ.

ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಮೇಲಿನ ಇಂಪ್ಲಾಂಟ್. ಸೈನಸ್ ಎಂದರೆ ಕೆನ್ನೆಯ ಹಿಂದೆ, ಮೇಲ್ದವಡೆಯ ಮೂಳೆಯೊಳಗಿನ ಗಾಳಿ ಗೂಡು. ಅದರ ತಳದಲ್ಲೇ ನಿಮಗೆ ಮೂಳೆಪುಡಿ ಇಟ್ಟಿದ್ದಾರೆ. ಮೂಗಿಗೆ ತೆರೆಯುವ ಅದರ ಸಣ್ಣ ಬಾಯಿ ಊತದಿಂದ ಮುಚ್ಚಿದ್ದರೆ, ಇಳಿಯುವಾಗ ಒಳಪೊರೆ ಸೆಳೆದು ರಕ್ತ ಬರಬಹುದು, ಹಾಕಿದ ಮೂಳೆ ಕದಲಬಹುದು. ಕಿವಿ ಬಿಡಿಸಿಕೊಳ್ಳಲು ಮೂಗು ಹಿಡಿದು ಊದುತ್ತೀರಲ್ಲ, ಆ ಒತ್ತಡವೂ ಅಲ್ಲಿಗೇ ಹೋಗುತ್ತದೆ. ಆರು ತಿಂಗಳಾದರೂ ಕಳೆಯಲಿ. ಆಮೇಲೆ ಎಕ್ಸ್‌ರೇ ನೋಡಿ ನಿಮ್ಮ ಸರ್ಜನ್ ಹೂಂ ಅಂದರೆ ಮಾತ್ರ ಹೋಗಿ. ಮಳೆಗಾಲಕ್ಕೆ ಮೊದಲು, ಏಪ್ರಿಲ್-ಮೇನಲ್ಲೂ ನೇತ್ರಾಣಿಗೆ ಡೈವಿಂಗ್ ದೋಣಿ ಹೋಗುತ್ತದೆ. ಮಗಳಿಗೆ ಹೇಳಿ ತಾರೀಖು ಮುಂದೆ ಹಾಕಿಸಿ.

ಇನ್ನು ಆ ಮೂರು ಹಲ್ಲಿನ ಸೆಟ್. ಅದನ್ನು ದಡದಲ್ಲೇ ಡಬ್ಬಿಗೆ ಹಾಕಿಡಿ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರಿನ ಮೌತ್‌ಪೀಸ್ ಕಚ್ಚಿಕೊಳ್ಳುವುದು ಕೋರೆಹಲ್ಲು ಮತ್ತು ಅದರ ಪಕ್ಕದ ಹಲ್ಲುಗಳಿಂದ. ಪೈಪಿನ ಎಳೆತಕ್ಕೆ ಚಿಕ್ಕ ಸೆಟ್ ಕಳಚಿ ಗಂಟಲಿಗೆ ಜಾರಿತು ಅಂತಿಟ್ಟುಕೊಳ್ಳಿ. ರೆಗ್ಯುಲೇಟರ್ ಬಾಯಲ್ಲಿದ್ದಾಗ ಕೆಮ್ಮಬಹುದು, ಉಗುಳಿ ಹಾಕಲು ಆಗುವುದಿಲ್ಲ. ಗಾಬರಿಯಲ್ಲಿ ಉಸಿರು ಹಿಡಿದು ಮೇಲಕ್ಕೆ ನುಗ್ಗಿದರೆ ಶ್ವಾಸಕೋಶಕ್ಕೇ ಪೆಟ್ಟು. ಗುಲಾಬಿ ಬಣ್ಣದ ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಫೋಟೋದಲ್ಲಿ ಹಲ್ಲಿಲ್ಲದೆ ಕಾಣುತ್ತೇನೆ ಅಂತ ಸಂಕೋಚ ಬೇಡ, ದೋಣಿಗೆ ಬಂದ ಮೇಲೆ ಹಾಕಿಕೊಂಡರಾಯಿತು.

ಇಳಿಯುವಾಗ ಹಲ್ಲಾಗಲಿ ಕೆನ್ನೆಯಾಗಲಿ ನೋಯತೊಡಗಿದರೆ ತಡ ಮಾಡದೆ ಇನ್‌ಸ್ಟ್ರಕ್ಟರಿಗೆ ಕೈಸನ್ನೆ ಮಾಡಿ, ನಿಧಾನವಾಗಿ ಮೇಲೆ ಬನ್ನಿ. ನೆಗಡಿ ಇದ್ದ ದಿನ ಇಳಿಯಲೇಬೇಡಿ. ಸೈನಸ್ ನೋವು ಎಷ್ಟೋ ಸಲ ಮೇಲಿನ ದವಡೆ ಹಲ್ಲಿನ ನೋವಿನಂತೆಯೇ ಅನಿಸುತ್ತದೆ.

ಪ್ರಶ್ನೆ: ನನ್ನ ಭಾವನಿಗೆ ಎರಡೂ ದವಡೆಗೆ ಪೂರ್ತಿ ಸೆಟ್ಟೇ ಇದೆ. ಅವರಿಗೆ ಸ್ಕೂಬಾ ಸಾಧ್ಯವೇ ಇಲ್ಲವಾ?

ಉತ್ತರ: ಸಾಧ್ಯ ಇದೆ, ಆದರೆ ತಯಾರಿ ಬೇಕು. ಪೂರ್ತಿ ಸೆಟ್ ನಿಲ್ಲುವುದು ಜೊಲ್ಲಿನ ತೆಳು ಪದರ ಮತ್ತು ಹೀರುವಿಕೆಯಿಂದ. ಮುಂದಿನಿಂದ ಮೌತ್‌ಪೀಸ್ ಕಚ್ಚಿದರೆ ಹಿಂದುಗಡೆ ಏಳುತ್ತದೆ. ಸೆಟ್ ತೆಗೆದರೆ ಕಚ್ಚಲು ವಸಡು ಮಾತ್ರ ಉಳಿಯುತ್ತದೆ, ಮೌತ್‌ಪೀಸ್ ನಿಲ್ಲುವುದಿಲ್ಲ. ಇಂಥವರಿಗೆ ಬಾಯಿಯ ಅಳತೆ ತೆಗೆದು ಬೇರೆ ಮೌತ್‌ಪೀಸ್ ಮಾಡಿಸಬಹುದು. ಎರಡೋ ನಾಲ್ಕೋ ಇಂಪ್ಲಾಂಟಿಗೆ ಗುಂಡಿಯಂತೆ ಸಿಕ್ಕಿಸುವ ಸೆಟ್ ಆದರೆ ಹಿಡಿತ ಇನ್ನೂ ಚೆನ್ನಾಗಿರುತ್ತದೆ. ಏನೇ ಮಾಡಿಸಿದರೂ ಮೊದಲು ಈಜುಕೊಳದಲ್ಲಿ ಕಚ್ಚಿಕೊಂಡು ಹದಿನೈದು ನಿಮಿಷ ಉಸಿರಾಡಿ ನೋಡಲಿ. ಅಲ್ಲೇ ಜಾರಿದರೆ ಸಮುದ್ರಕ್ಕೆ ಹೋಗುವುದು ಬೇಡ.