ಮೊಣಕಾಲಿನ ಲಿಗಮೆಂಟ್ ಆಪರೇಷನ್ ಆದ ಮೇಲೆ ಮನೆಯಲ್ಲಿ ಏನೇನು ಇಟ್ಟುಕೊಂಡಿರಬೇಕು?

ಊರುಗೋಲು, ನೀ ಬ್ರೇಸ್ (ಮಂಡಿ ಅಲುಗಾಡದಂತೆ ಕಟ್ಟುವ ಪಟ್ಟಿ) ಬಗ್ಗೆ ಆಸ್ಪತ್ರೆಯವರೇ ಹೇಳಿ ಕಳಿಸುತ್ತಾರೆ. ಅವರು ಹೇಳದೆ ಬಿಡುವ ಸಣ್ಣಪುಟ್ಟ ಸಾಮಾನುಗಳೇ ಜಾಸ್ತಿ ಕೆಲಸಕ್ಕೆ ಬರುತ್ತವೆ.

ಐಸ್ ಪ್ಯಾಕ್ ಎರಡು ಇರಲಿ. ಒಂದು ಕಾಲ ಮೇಲಿದ್ದಾಗ ಇನ್ನೊಂದು ಫ್ರೀಜರಿನಲ್ಲಿ. ತೆಳು ಟವೆಲ್ ಸುತ್ತಿ ಇಡಿ, ಒಂದು ಸಲಕ್ಕೆ 15-20 ನಿಮಿಷ ಸಾಕು.

ಗಟ್ಟಿ ದಿಂಬು ಬೇಕೇ ಬೇಕು. ಎಲ್ಲರೂ ಅದನ್ನು ಮಂಡಿ ಕೆಳಗೆ ಇಟ್ಟುಕೊಳ್ಳುತ್ತಾರೆ, ಹಾಯೆನಿಸುತ್ತದೆ ಅಲ್ವಾ? ಆದರೆ ಮಂಡಿ ಸದಾ ಮಡಚಿಕೊಂಡೇ ಇದ್ದರೆ ಆಮೇಲೆ ಪೂರ್ತಿ ನೇರ ಮಾಡುವುದು ಕಷ್ಟ. ಡಾಕ್ಟರ್ ಬೇರೆ ಥರ ಹೇಳದಿದ್ದರೆ ಹಿಮ್ಮಡಿ ಕೆಳಗೆ ಇಡಿ. ಕಾಲು ಎದೆಗಿಂತ ಎತ್ತರದಲ್ಲಿರಲಿ, ಊತ ಇಳಿಯುತ್ತದೆ.

ಸ್ನಾನಕ್ಕೆ ಜಾರದ ಕುರ್ಚಿ, ಗಾಯಕ್ಕೆ ನೀರು ತಾಗದಂತೆ ವಾಟರ್‌ಪ್ರೂಫ್ ಕವರ್, ಸಡಿಲವಾದ ಚಡ್ಡಿ.

ನನ್ನ ಕೇಳಿದರೆ ಮೊದಲು ಹೆಗಲಿಗೆ ಹಾಕುವ ಚೀಲ ತಗೊಳ್ಳಿ. ಎರಡೂ ಕೈ ಊರುಗೋಲಿಗೇ ಹೋದ ಮೇಲೆ ನೀರಿನ ಲೋಟ ಹಿಡಿಯುವುದು ಹೇಗೆ? ಬಿಗಿ ಮುಚ್ಚಳದ ಬಾಟಲಿ, ಫೋನು, ಮಾತ್ರೆ ಎಲ್ಲ ಅದರಲ್ಲೇ.

ನೆಲದ ಮೇಲಿನ ಕಾಲೊರಸು ಮಾತ್ರ ಎತ್ತಿಟ್ಟುಬಿಡಿ. ಊರುಗೋಲು ಅದರ ಮೇಲೇ ಜಾರುವುದು. ಮೀನಖಂಡ ಊದಿಕೊಂಡು ನೋವು ಜಾಸ್ತಿಯಾದರೆ ಸುಮ್ನೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟಿರಬಹುದು.