ಕಾಗೆ ನೋಡಿದ್ರೂ ಭಯ ಯಾಕೆ ಸ್ವಾಮಿ?

ಪ್ರಶ್ನೆ: ಸಾರ್, ಪಾಳು ಬಂಗ್ಲೆ, ಬಿಳಿ ಸೀರೆ, ಗೆಜ್ಜೆ ಸದ್ದು ಇರೋ ದೆವ್ವದ ಪಿಚ್ಚರ್ ನೋಡಿದ್ರೆ ನಂಗೆ ನಗು ಬರುತ್ತೆ. ಅದೇ ಮಾಮೂಲಿ ಮನೆ, ಮಾಮೂಲಿ ರೂಮು ಇರೋ ಥ್ರಿಲ್ಲರ್ ನೋಡಿದ ರಾತ್ರಿ ಬಾತ್‌ರೂಮ್‌ಗೆ ಹೋಗೋಕೂ ಹೆಂಡ್ತಿನ ಎಬ್ಬಿಸ್ತೀನಿ. ಏನಿದರ ಮರ್ಮ?
– ಓದುಗರೊಬ್ಬರು, ತಿಪಟೂರು

ಉತ್ತರ: ಮೊದ್ಲು ನಿಮ್ಮ ಮನೆಯವರಿಗೆ ನನ್ನದೊಂದು ಸಾರಿ ತಿಳಿಸ್ಬಿಡಿ. ಪಾಳು ಬಂಗ್ಲೆಗೆ ನೀವು ಜನ್ಮದಲ್ಲಿ ಹೋಗಲ್ಲ, ಅಲ್ಲಿನ ದೆವ್ವ ಥಿಯೇಟರ್‌ನಲ್ಲೇ ಉಳಿಯುತ್ತೆ, ಬಾತ್‌ರೂಮ್‌ಗೆ ದಿನಾ ಹೋಗ್ಲೇಬೇಕಲ್ಲ! ಆದ್ರೆ ಜಾಗ ಮಾಮೂಲಿ ಆಗಿದ್ರೆ ಸಾಲಲ್ಲ, ಹಾಗಿದ್ದಿದ್ರೆ ಸೀರಿಯಲ್ ನೋಡೀನೂ ಹೆದರ್ತಿದ್ವಿ. ನಮಗೆ ಗೊತ್ತಿರೋದು ಪಾತ್ರಕ್ಕೆ ಗೊತ್ತಿರಬಾರ್ದು, ಅಲ್ಲಿದೆ ಕಿತಾಪತಿ. ಥ್ರಿಲ್ಲರ್ ಸಿನಿಮಾಗಳ ಡೈರೆಕ್ಟರ್ ಹಿಚ್‌ಕಾಕ್ ಹೇಳಿದ ಟೇಬಲ್ ಕೆಳಗಿನ ಬಾಂಬ್ ಕಥೆ (ಬಾಂಬ್ ಇರೋದು ನಮಗೆ ಗೊತ್ತು, ಟೇಬಲ್ ಹತ್ರ ಕೂತೋರಿಗೆ ಗೊತ್ತಿಲ್ಲ) ಎಲ್ರೂ ಹೇಳ್ತಾರೆ, ನಾನು ಅವರದೇ ಕಾಗೆ ಕಥೆ ಹೇಳ್ತೀನಿ.

1963ರ 'ದಿ ಬರ್ಡ್ಸ್'. ಕ್ಯಾಲಿಫೋರ್ನಿಯಾದ ಬೊಡೇಗಾ ಬೇ ಅನ್ನೋ ಸಣ್ಣ ಊರು, ಸ್ಕೂಲ್ ಒಳಗೆ ಮಕ್ಕಳು ಹಾಡ್ತಿದಾರೆ, ನಾಯಕಿ ಹೊರಗೆ ಬೆಂಚ್ ಮೇಲೆ ಕೂತು ಸಿಗರೇಟ್ ಹಚ್ತಾಳೆ. ಬೆನ್ನ ಹಿಂದೆ ಮಕ್ಕಳು ಹತ್ತಿ ಆಡೋ ಕಂಬಿ, ಅದ್ರ ಮೇಲೆ ಒಂದು ಕಾಗೆ ಬಂದು ಕೂರುತ್ತೆ. ಮತ್ತೆ ಅವಳ ಮುಖ. ಮತ್ತೆ ಕಂಬಿ, ಈಗ ಇನ್ನೂ ಕೆಲವು. ಆಮೇಲೆ ಕಾಗೆ ತೋರಿಸೋದೇ ಇಲ್ಲ, ಅವಳನ್ನೇ ತೋರಿಸ್ತಾ ಕೂರ್ತಾರೆ, ಹಾಡು ಮುಗಿಯೋ ಲಕ್ಷಣ ಇಲ್ಲ, ನಾವು ಇಲ್ಲಿ ಕೂತು 'ತಿರುಗಿ ನೋಡೇ ಮಾರಾಯ್ತಿ' ಅಂತ ಒದ್ದಾಡ್ತಿರ್ತೀವಿ. ಕೊನೆಗೆ ಆಕಾಶದಲ್ಲಿ ಒಂದೇ ಒಂದು ಕಾಗೆ ಹಾರೋದು ಕಾಣುತ್ತೆ, ಅದು ಹೋದ ಕಡೆಗೇ ಕತ್ತು ತಿರುಗಿಸ್ತಾಳೆ, ಅದು ಹೋಗಿ ಕೂತಾಗ ನೋಡಿದ್ರೆ ಕಂಬಿ ಪೂರ್ತಿ ಕಪ್ಪು!

ಆ ಸಿನಿಮಾದಲ್ಲಿ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕೇ ಇಲ್ಲ ಗೊತ್ತಾ. ನಾವು ತಿಥಿ ದಿನ ಕಾ ಕಾ ಅಂತ ಕರೆದು, ಬಂದಿಲ್ಲ ಅಂದ್ರೆ ಬೇಜಾರು ಮಾಡ್ಕೊಳೋ ಕಾಗೆ ಸಾರ್ ಅದು, ಅದ್ರಲ್ಲೂ ಮೈ ಜುಂ ಅನ್ಸಿಬಿಟ್ರು. ಇದೇ ಪುಣ್ಯಾತ್ಮ 1941ರ 'ಸಸ್ಪಿಷನ್'ನಲ್ಲಿ, ಗಂಡ ಮೆಟ್ಟಿಲು ಹತ್ತಿ ಹೆಂಡ್ತಿಗೆ ತಗೊಂಡು ಹೋಗೋ ಹಾಲಿನ ಲೋಟದೊಳಗೆ ಬಲ್ಬ್ ಇಡಿಸಿದ್ರು, ಕತ್ತಲಲ್ಲಿ ನಮ್ಮ ಕಣ್ಣು ಬೇರೆಲ್ಲೂ ಹೋಗಬಾರ್ದು ಅಂತ.

ಪ್ರಶ್ನೆ: ಕನ್ನಡದಲ್ಲಿ ಈ ಥರದ್ದು ಇಲ್ವಾ?
– ಓದುಗರು, ಹಾಸನ

ಉತ್ತರ: ಯಾಕಿಲ್ಲ, ಪವನ್ ಕುಮಾರ್ ಅವರ 'ಯೂ ಟರ್ನ್' (2016) ನೋಡಿ. ಬೆಂಗಳೂರಿನ ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಪಕ್ಕಕ್ಕೆ ತಳ್ಳಿ ಗಾಡಿ ತಿರುಗಿಸ್ತಾರಲ್ಲ, ಅಷ್ಟೇ ಎಳೆ. ಅದನ್ನ ನೋಡಿದ ಮೇಲೆ ನಾನಂತೂ ಮುಂದಿನ ಸಿಗ್ನಲ್‌ವರೆಗೂ ಹೋಗೇ ತಿರುಗಿಸ್ತೀನಿ.

ಪ್ರಶ್ನೆ: ನಾವು ಫ್ರೆಂಡ್ಸ್ ಸೇರಿ ಮನೇಲೇ ಹಾರರ್ ಶಾರ್ಟ್ ಫಿಲ್ಮ್ ಮಾಡ್ಬೇಕು ಅಂತಿದೀವಿ, ದುಡ್ಡಿಲ್ಲ. ಏನಾದ್ರೂ ಟಿಪ್ಸ್?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಓರೆನ್ ಪೆಲಿ ಅನ್ನೋರು 'ಪ್ಯಾರಾನಾರ್ಮಲ್ ಆಕ್ಟಿವಿಟಿ' (2007) ತೆಗೆದಿದ್ದು ಸ್ಯಾನ್ ಡಿಯಾಗೋದಲ್ಲಿದ್ದ ಸ್ವಂತ ಮನೇಲಿ, ಸುಮಾರು 15,000 ಡಾಲರ್‌ನಲ್ಲಿ, 7 ದಿನಕ್ಕೆ. ಬೆಡ್‌ರೂಮ್‌ನಲ್ಲಿ ಕ್ಯಾಮೆರಾ ಅಲ್ಲಾಡದೆ ನಿಂತಿದೆ, ಗಂಡು ಹೆಣ್ಣು ಮಲಗಿದಾರೆ, ಮೂಲೇಲಿ ಟೈಮ್ ಸರಸರ ಓಡ್ತಿದೆ. ಇದ್ದಕ್ಕಿದ್ದಂಗೆ ಆ ಓಟ ನಿಂತು ಮಾಮೂಲಿ ಸ್ಪೀಡಿಗೆ ಬರುತ್ತೆ. ಇನ್ನೂ ಏನೂ ಆಗಿಲ್ಲ, ಅಷ್ಟಕ್ಕೇ ನಾವು ದಿಂಬು ತಬ್ಬಿಕೊಂಡಾಗಿದೆ!

ಹಾಗಾಗಿ ಮೇಕಪ್ ದುಡ್ಡು ಉಳಿಸಿ, ಢಂ ಅಂತ ಸೌಂಡ್ ಹಾಕೋ ಚಟಾನೂ ಬಿಡಿ. ಉದಾಹರಣೆಗೆ ಅಜ್ಜಿ ಹಾಲ್‌ನಲ್ಲಿ ಕೂತು ಸೊಪ್ಪು ಬಿಡಿಸ್ತಿದಾರೆ, ಅಡುಗೆಮನೇಲಿ ಕುಕ್ಕರ್ ಇದೆ, 'ಮೂರು ಕೂಗಿದ್ಮೇಲೆ ಆಫ್ ಮಾಡೇ' ಅಂತ ಸೊಸೆಗೆ ಹೇಳ್ತಾರೆ, ಒಳಗಿಂದ 'ಹೂಂ' ಅಂತ ಕೇಳ್ಸುತ್ತೆ. ಕ್ಯಾಮೆರಾ ಅಜ್ಜಿ ಮೇಲೇ ಇರ್ಲಿ. ಮೂರು ಆಯ್ತು. ನಾಲ್ಕು. ಐದು. ಆಗ ಹೊರಗಿನ ಗೇಟ್ ಸದ್ದಾಗಿ, ತರಕಾರಿ ಚೀಲ ಹಿಡ್ಕೊಂಡು ಸೊಸೆ ಒಳಗೆ ಬರ್ಲಿ.